ವಾರಕ್ಕೆ ಎರಡು ಸೆಂಟು, ಕೋಲಾರದಲ್ಲೊಂದು ಆಸ್ಪತ್ರೆ

ಕೋಲಾರ: "ಯಾರ್ರೀ ಇಟಿಸಿಎಂ, ಇಟಿಸಿಎಂ ಇಳಿಯೋರು ಮುಂದೆ ಬನ್ನಿ" ಅಂತ ಬಸ್ಸಿನಲ್ಲಿ ಕೂಗು ಬಿದ್ದರೆ ನಾಲ್ಕೈದು ಮಂದಿ ಎದ್ದು ಬಾಗಿಲ ಕಡೆ ನುಗ್ಗುತ್ತಾರೆ. ಬಸುರಿ ಮಗಳನ್ನು ಕರಕೊಂಡು ಬಂದ ತಾಯಿ, ಸೊಪ್ಪಿನ ಮೂಟೆಯವನು, ಕಾಲೇಜು ಹುಡುಗಿಯರು. ಇವರಲ್ಲಿ ಯಾರನ್ನಾದರೂ ನಿಲ್ಲಿಸಿ ಈ ನಾಲ್ಕು ಇಂಗ್ಲಿಷ್ ಅಕ್ಷರಕ್ಕೆ ಅರ್ಥ ಏನಪ್ಪಾ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: ಆಸ್ಪತ್ರೆ.

ಉತ್ತರ ತಪ್ಪೇನಲ್ಲ. ಆದರೆ ಆ ನಾಲ್ಕು ಅಕ್ಷರದೊಳಗೆ ಒಬ್ಬ ಹೆಂಗಸಿನ ಹೆಸರು ಕೂತಿದೆ. ಎಲೆನ್ ಥೋಬರ್ನ್ ಕೋವನ್ ಮೆಮೋರಿಯಲ್ ಆಸ್ಪತ್ರೆ. 1910ರಲ್ಲಿ ಶುರುವಾದದ್ದು. ಈ ಎಲೆನ್ ಡಾಕ್ಟರಲ್ಲ, ನರ್ಸೂ ಅಲ್ಲ. ಆಕೆಯ ಕೆಲಸವೆಲ್ಲ ನಡೆದದ್ದು ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ. ಅಲ್ಲಿ ಆಕೆ ಮಾಡಿದ್ದು ಏನು ಅಂದರೆ, ಕೇಳಿದ್ದು. ದುಡ್ಡು ಕೇಳಿದ್ದು. ತನ್ನ ಹಾಗಿನ ಹೆಂಗಸರ ಹತ್ತಿರ, ಚಿಲ್ಲರೆ ಚಿಲ್ಲರೆಯಾಗಿ, ಸಾವಿರಾರು ಮೈಲಿ ದೂರದ ಊರುಗಳ ಹೆಂಗಸರಿಗೋಸ್ಕರ.

ಕೊಟ್ಟವರ ಹೆಸರಲ್ಲಿ ಕಟ್ಟಡ ಇರುವುದು ಎಲ್ಲ ಊರಿನಲ್ಲೂ ಉಂಟು. ಕೇಳಿದವರ ಹೆಸರಲ್ಲಿ ಇರುವುದು ಅಪರೂಪ.

ಧಾತು ಈಶ್ವರದ ಬರ

ಈ ಕಥೆ ಶುರುವಾಗುವುದು ಆಸ್ಪತ್ರೆಯಿಂದಲ್ಲ, ಹಸಿವಿನಿಂದ. 1876ರಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿಯೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಪಂಚಾಂಗದ ಲೆಕ್ಕದಲ್ಲಿ ಒಂದು ಧಾತು ಸಂವತ್ಸರ, ಇನ್ನೊಂದು ಈಶ್ವರ. ಹಳಬರ ಬಾಯಲ್ಲಿ ಧಾತು ಈಶ್ವರದ ಬರ ಅಂತಲೇ ಉಳಿಯಿತು. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಅರಸರಿಗೆ ರಾಜ್ಯ ವಾಪಸು ಬಂದದ್ದು 1881ರಲ್ಲಿ.

1871ರ ಜನಗಣತಿಯಲ್ಲಿ ಸೀಮೆಯ ಜನ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41,86,188. ಹೆಚ್ಚಬೇಕಾದದ್ದು ಹೆಚ್ಚಲಿಲ್ಲ, ಇದ್ದದ್ದರಲ್ಲೇ ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ಮಂದಿ ಕಾಣೆ. ಹುಟ್ಟಿ ಲೆಕ್ಕಕ್ಕೆ ಸಿಗದೆ ಹೋದ ಕೂಸುಗಳು ಬೇರೆ.

ಅಂಗಡಿ ಇಟ್ಟವರು ಗಮನಿಸಬೇಕಾದ ಮಾತೊಂದಿದೆ. ದೇಶದಲ್ಲಿ ಕಾಳೇ ಇರಲಿಲ್ಲ ಅಂತಲ್ಲ. ಮದರಾಸಿನಿಂದ ಬೆಂಗಳೂರಿಗೆ ರೈಲು ಬಂದು ಆಗಲೇ ಹತ್ತು ವರ್ಷದ ಮೇಲಾಗಿತ್ತು. ಇವತ್ತು ಬಂಗಾರಪೇಟೆ ಅನ್ನುವ ಸ್ಟೇಷನ್ನಿಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಮೂಟೆ ಆ ದಾರಿಯಲ್ಲೇ ಬಂತು. ಆದರೆ ಮೂಟೆ ಬಂದ ದಾರಿಯಲ್ಲೇ ಧಾರಣೆಯೂ ಬಂತು. ಕೂಲಿ ಇಲ್ಲದವನ ಕೈಯಲ್ಲಿ ಕಾಸಿಲ್ಲ, ಕಾಸಿಲ್ಲದವನಿಗೆ ರೈಲು ಬಂದರೆಷ್ಟು, ಬಿಟ್ಟರೆಷ್ಟು. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈ ಹಾಕಬಾರದು ಅನ್ನುವುದು ವೈಸರಾಯ್ ಲಿಟ್ಟನ್ನನ ಹಟ. ಆ ಬರದ ಕಾಲದಲ್ಲೇ ಇಂಡಿಯಾದಿಂದ ಇಂಗ್ಲೆಂಡಿಗೆ 3,20,000 ಟನ್ ಗೋಧಿ ಹಡಗು ಹತ್ತಿತು.

ಖರ್ಚು ಹಿಡಿತದಲ್ಲಿಡಲು ಸರ್ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿಯನ್ನು 1877ರ ಜನವರಿಯಲ್ಲಿ ದಕ್ಷಿಣಕ್ಕೆ ಕಳಿಸಿದರು. ಬರದ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಒಂದಾಣೆ ದುಡ್ಡು ಅಂತ ಆತ ಗೊತ್ತು ಮಾಡಿದ. ಹೆಂಗಸರಿಗೆ, ದುಡಿಯುವ ಮಕ್ಕಳಿಗೆ ಅದಕ್ಕಿಂತ ಕಡಿಮೆ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ಮದರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್ ಇದರಲ್ಲಿ ಮನುಷ್ಯ ದುಡಿದು ಬದುಕಲಾರ ಅಂತ ವಾದಕ್ಕೆ ನಿಂತರು. ಆಮೇಲೆ ಒಂದಿಷ್ಟು ಹೆಚ್ಚಿಸಿದರು. ಆ ಹೊತ್ತಿಗೆ ಹೋಗುವವರು ಹೋಗಿಯಾಗಿತ್ತು.

1877ರ ಆಗಸ್ಟಿನಲ್ಲಿ ಮದರಾಸ್ ಗವರ್ನರ್ ಇಂಗ್ಲೆಂಡಿನ ಜನರ ಮುಂದೆ ಕೈ ಚಾಚಿದರು. ಲಂಡನ್ನಿನ ಮೇಯರ್ ಮ್ಯಾನ್ಶನ್ ಹೌಸಿನಲ್ಲಿ ನಿಧಿ ತೆರೆದ. ಲಕ್ಷಾಂತರ ಪೌಂಡ್ ಕೂಡಿತು. ಆ ದುಡ್ಡು ಬರೀ ಗಂಜಿಗೆ ಹೋಗಲಿಲ್ಲ. ಮಳೆ ಬಂದ ಮೇಲೆ ರೈತನಿಗೆ ಬಿತ್ತನೆ ಬೀಜ, ಎತ್ತು, ಮೈಗೆ ಬಟ್ಟೆ, ಗುಡಿಸಿಲಿಗೆ ಹೊದಿಕೆ, ತಬ್ಬಲಿ ಮಕ್ಕಳಿಗೆ ಅನ್ನ ಅಂತ ಹಂಚಿದರು. ಹಂಚಲು ಅಲ್ಲಲ್ಲಿ ಕಮಿಟಿ ಮಾಡಿದಾಗ ಎಷ್ಟೋ ಕಡೆ ಅದರಲ್ಲಿ ಪಾದ್ರಿಗಳಿದ್ದರು. ಹಳ್ಳಿಯ ದಾರಿ ಗೊತ್ತಿದ್ದ, ಭಾಷೆ ಬರುತ್ತಿದ್ದ ಬಿಳಿಯರು ಅಂದರೆ ಆಗ ಅವರೇ.

ಕೋಲಾರದ ತಬ್ಬಲಿಗಳು

ಕೋಲಾರದಲ್ಲಿ ಆ ಹೊತ್ತಿಗೆ ಮಿಸ್ ಆನ್‌ಸ್ಟಿ ಅನ್ನುವ ಇಂಗ್ಲಿಷ್ ಹೆಂಗಸೊಬ್ಬಳಿದ್ದಳು. ಅಪ್ಪ ಅಮ್ಮ ರಸ್ತೆಯಲ್ಲೇ ಬಿದ್ದುಹೋಗಿ ಉಳಿದ ಮಕ್ಕಳನ್ನು ಆಕೆ ಸೇರಿಸಿಕೊಂಡಳು. ನೂರಾರು ಮಕ್ಕಳು. ಅನ್ನ ಹಾಕಿದಳು, ಓದಿಸಿದಳು, ಕಸುಬು ಕಲಿಸಿದಳು. ದೊಡ್ಡವರಾದ ಮೇಲೆ ನೆಲೆ ನಿಲ್ಲಲು ಜಮೀನನ್ನೂ ನೋಡಬೇಕಾಯಿತು.

ಬರ ಎರಡು ವರ್ಷ. ಬರ ಬಿಟ್ಟುಹೋದ ಮಗು ಹದಿನೈದು ವರ್ಷ. ಇದು ಯಾವ ಪರಿಹಾರ ನಿಧಿಗೂ ಅರ್ಥವಾಗದ ಲೆಕ್ಕ. ಪೇಪರಿನಲ್ಲಿ ಸುದ್ದಿ ಇರುವ ತನಕ ದುಡ್ಡು ಬರುತ್ತದೆ, ಮಳೆ ಬಂತು ಅಂದ ಕೂಡಲೇ ನಿಲ್ಲುತ್ತದೆ. ಮಗು ಮಾತ್ರ ಮಾರನೇ ದಿನವೂ ಊಟ ಕೇಳುತ್ತದೆ. 1890ರಲ್ಲಿ ಆಕೆ ಕೋಲಾರದ ಕೆಲಸವನ್ನೆಲ್ಲ ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಒಪ್ಪಿಸಿದಳು.

ಕೋಲಾರ ಓಹಾಯೋದ ಲೆಕ್ಕದ ಪುಸ್ತಕಕ್ಕೆ ಸೇರಿದ್ದು ಹೀಗೆ. ಬರದ ಮಕ್ಕಳು ಮೊದಲು ಬಂದರು, ಆಸ್ಪತ್ರೆ ಅವರ ಹಿಂದೆ ಬಂತು.

ಮಳೆಯಲ್ಲಿ ಬಂದ ಆರು ಮಂದಿ

ದುಡ್ಡು ಯಾರದ್ದು? ಅಮೆರಿಕದ ಸಾಹುಕಾರರದ್ದು ಅಂತ ಬಹಳ ಜನ ತಿಳಿದಿದ್ದಾರೆ. ಇದರ ಮೂಲ ನೋಡಬೇಕಾದರೆ 1869ರ ಮಾರ್ಚಿಗೆ, ಬಾಸ್ಟನ್ ಪಟ್ಟಣಕ್ಕೆ ಹೋಗಬೇಕು. ಇಂಡಿಯಾದಿಂದ ಊರಿಗೆ ಮರಳಿದ್ದ ಇಬ್ಬರು ಪಾದ್ರಿಗಳ ಹೆಂಡಂದಿರು, ಶ್ರೀಮತಿ ಬಟ್ಲರ್ ಮತ್ತು ಶ್ರೀಮತಿ ಪಾರ್ಕರ್, ಒಂದು ಚರ್ಚಿನಲ್ಲಿ ಹೆಂಗಸರ ಸಭೆ ಕರೆದರು. ಅವತ್ತು ಜೋರು ಮಳೆ. ಬಂದವರು ಆರು ಜನ. ಕರೆದವರಿಬ್ಬರೂ ಸೇರಿ ಎಂಟು. ಅಷ್ಟರಲ್ಲೇ ವುಮನ್ಸ್ ಫಾರಿನ್ ಮಿಷನರಿ ಸೊಸೈಟಿ ಕಟ್ಟಿದರು.

ಹೇಳಿದ ಮಾತು ಸರಳ. ಇಂಡಿಯಾದಲ್ಲಿ ಪರದೆಯೊಳಗಿರುವ ಹೆಂಗಸರು ಗಂಡು ಡಾಕ್ಟರಿಗೆ ಮುಖ ತೋರಿಸುವುದಿಲ್ಲ. ಹೆರಿಗೆಯಲ್ಲಿ ಕಷ್ಟ ಬಂದರೆ ಸಾಯುತ್ತಾರೆಯೇ ಹೊರತು ಪರಗಂಡಸನ್ನು ಒಳಗೆ ಬಿಡುವುದಿಲ್ಲ. ಹೆಂಗಸಿಗೆ ಹೆಂಗಸೇ ಡಾಕ್ಟರು ಬೇಕು. ಕಳಿಸೋಣ, ಆದರೆ ದುಡ್ಡು?

ಚರ್ಚಿನ ಹಿರಿಯರಿಗೆ ಒಳಗೊಳಗೇ ಭಯ. ಈ ಹೆಂಗಸರು ಎತ್ತಲು ಹೊರಟರೆ ತಮ್ಮ ದೊಡ್ಡ ಸೊಸೈಟಿಗೆ ಬರುವ ಕಾಣಿಕೆ ಇಳಿದೀತು ಅಂತ. ಹಾಗಾಗಿ ಷರತ್ತು ಬಿತ್ತು: ಗಂಡಸರೂ ಹೆಂಗಸರೂ ಕೂಡುವ ಬಹಿರಂಗ ಸಭೆಯಲ್ಲಿ ನೀವು ತಟ್ಟೆ ಹಿಡಿಯಬಾರದು. ದಾನ ಕೇಳಲಿಕ್ಕೂ ಪರ್ಮಿಷನ್ನು! ಉಳಿದದ್ದು ಒಂದೇ ದಾರಿ, ಹೆಂಗಸರು ಹೆಂಗಸರನ್ನೇ ಕೇಳುವುದು. ಗಂಡನ ಜೇಬಿನದ್ದಲ್ಲ, ತಮ್ಮ ಮನೆಖರ್ಚಿನಲ್ಲಿ ಉಳಿಸಿದ್ದು. ವರ್ಷಕ್ಕೆ ಒಂದು ಡಾಲರ್ ವಂತಿಗೆ. ಒಟ್ಟಿಗೆ ಒಂದು ಡಾಲರ್ ಅಂದರೆ ಬೆದರುವವರಿಗೆ ವಾರಕ್ಕೆ ಎರಡು ಸೆಂಟು, ಜೊತೆಗೊಂದು ಪ್ರಾರ್ಥನೆ. ಎಷ್ಟೋ ಮನೆಗಳಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅಂದರೆ ನಮ್ಮ ಹುಂಡಿ. ಇವತ್ತಿನ ಸ್ತ್ರೀಶಕ್ತಿ ಸಂಘದವರಿಗೆ ಈ ವ್ಯವಹಾರ ಹೇಳಿಕೊಡಬೇಕಾಗಿಲ್ಲ.

ಎರಡು ಸೆಂಟು ಅಂದರೆ ಎಷ್ಟು? 1900ರ ಹೊತ್ತಿನಲ್ಲಿ ಒಂದು ಡಾಲರಿಗೆ ಸುಮಾರು ಮೂರು ರೂಪಾಯಿ. ಲೆಕ್ಕ ಹಾಕಿದರೆ ಎರಡು ಸೆಂಟು ಅಂದರೆ ಹೆಚ್ಚುಕಡಿಮೆ ನಮ್ಮ ಒಂದಾಣೆ. ಟೆಂಪಲ್ ಸಾಹೇಬರು ಮಣ್ಣು ಹೊರುವವನಿಗೆ ಕಾಳಿನ ಜೊತೆ ದಿನಕ್ಕೆ ಕೊಟ್ಟ ಅದೇ ಒಂದಾಣೆ.

ರಣಹದ್ದಿನ ಗರಿ

ಈಗ ಎಲೆನ್ ಮನೆಗೆ ಬರೋಣ. ಥೋಬರ್ನ್ ಮನೆತನ ಐರ್ಲೆಂಡಿನಿಂದ ಹೋಗಿ ಓಹಾಯೋದಲ್ಲಿ ಜಮೀನು ಮಾಡಿಕೊಂಡಿದ್ದವರು. ಮನೆ ತುಂಬ ಮಕ್ಕಳು, ಹತ್ತು ಜನ. ಗಂಡುಮಕ್ಕಳಲ್ಲಿ ಜೇಮ್ಸ್ ಪಾದ್ರಿಯಾಗಿ ಇಂಡಿಯಾಕ್ಕೆ ಬಂದ, ಮುಂದೆ ಬಿಷಪ್ ಆದ. ಉತ್ತರದ ಹಳ್ಳಿಯೊಂದರಲ್ಲಿ ಡೇರೆ ಹಾಕಿದ್ದಾಗ ನೆಲಕ್ಕೆ ಬಿದ್ದ ರಣಹದ್ದಿನ ಗರಿಯೊಂದು ಕಣ್ಣಿಗೆ ಬಿತ್ತಂತೆ. ಅದನ್ನು ಕೆತ್ತಿ ಲೇಖನಿ ಮಾಡಿ, ಊರಿನಲ್ಲಿದ್ದ ತಂಗಿ ಇಸಬೆಲ್ಲಾಗೆ ಕಾಗದ ಬರೆದ: ಇಲ್ಲಿನ ಹೆಣ್ಣುಮಕ್ಕಳಿಗೆ ಶಾಲೆ ಬೇಕು, ಬರ್ತೀಯಾ?

ಇಸಬೆಲ್ಲಾ ತಯಾರು. ಒಂಟಿ ಹೆಂಗಸನ್ನು ಕಳಿಸುವ ಏರ್ಪಾಟೇ ಅವರ ಚರ್ಚಿನಲ್ಲಿ ಇರಲಿಲ್ಲ. ಬಾಸ್ಟನ್ನಿನ ಹೆಂಗಸರ ಸೊಸೈಟಿ ಹುಟ್ಟಿದ್ದೇ ಆಗ. ದುಡ್ಡಿಲ್ಲ ಅಂತ ಈಕೆಯನ್ನು ಬಿಟ್ಟುಬಿಡುವುದೇ ಅನ್ನುವ ಪ್ರಶ್ನೆ ಸಭೆಯಲ್ಲಿ ಬಂದಾಗ ಒಬ್ಬಾಕೆ ಎದ್ದು, ಬೇಕಾದರೆ ಅಗ್ಗದ ಹತ್ತಿ ಸೀರೆ ಉಟ್ಟೇ, ಅಂದರೆ ಅವರ ಹತ್ತಿ ಗೌನು ತೊಟ್ಟೇ ಬೀದಿಯಲ್ಲಿ ಓಡಾಡೋಣ, ಉಳಿದ ದುಡ್ಡಲ್ಲಿ ಕಳಿಸೋಣ ಅನ್ನುವ ಅರ್ಥದ ಮಾತಾಡಿದಳು. ಆ ವರ್ಷದ ನವೆಂಬರಿನಲ್ಲಿ ಇಬ್ಬರು ನ್ಯೂಯಾರ್ಕಿನಲ್ಲಿ ಹಡಗು ಹತ್ತಿದರು. ಒಬ್ಬಳು ಇಸಬೆಲ್ಲಾ ಥೋಬರ್ನ್. ಇನ್ನೊಬ್ಬಳು ಕ್ಲಾರಾ ಸ್ವೇನ್, ಪೆನ್ಸಿಲ್ವೇನಿಯಾದ ಹೆಂಗಸರ ಮೆಡಿಕಲ್ ಕಾಲೇಜಿನಲ್ಲಿ ಅದೇ ವರ್ಷ ಪಾಸಾದ ಡಾಕ್ಟರು. 1870ರ ಜನವರಿಯಲ್ಲಿ ಬೊಂಬಾಯಿ ತಲುಪಿದರು. ಇಸಬೆಲ್ಲಾ ಲಕ್ನೋದಲ್ಲಿ ಕಟ್ಟಿದ ಶಾಲೆ ಕಾಲೇಜಾಗಿ ಇವತ್ತಿಗೂ ಆಕೆಯ ಹೆಸರಲ್ಲಿದೆ.

ಅಣ್ಣ ಇಂಡಿಯಾದಲ್ಲಿ, ತಂಗಿ ಇಂಡಿಯಾದಲ್ಲಿ. ಇನ್ನೊಬ್ಬ ಸಹೋದರಿ ಎಲೆನ್ ಮದುವೆಯಾಗಿ ಊರಲ್ಲೇ ಉಳಿದಳು. ಗಂಡ ಜನರಲ್ ಕೋವನ್ ದೊಡ್ಡ ಹುದ್ದೆ ನೋಡಿದವನು. ಈಕೆ ಸೊಸೈಟಿಯ ಸಿನ್ಸಿನಾಟಿ ಶಾಖೆಯ ಕೆಲಸ ಹಿಡಿದಳು. ಸಭೆ ಕರೆಯುವುದು, ಕಾಗದ ಬರೆಯುವುದು, ಪೆಟ್ಟಿಗೆಗಳ ಚಿಲ್ಲರೆ ಕೂಡಿಸಿ ಲೆಕ್ಕ ಒಪ್ಪಿಸುವುದು. ಇಂಥ ಕೆಲಸಕ್ಕೆ ಹಾರ ಹಾಕುವವರಿಲ್ಲ. ದೂರದೇಶಕ್ಕೆ ಹೋದವರ ಬಗ್ಗೆ ಪುಸ್ತಕ ಬರೆಯುತ್ತಾರೆ, ಊರಲ್ಲಿ ಕೂತು ಅವರಿಗೆ ತಿಂಗಳು ತಿಂಗಳು ದುಡ್ಡು ಮುಟ್ಟಿಸಿದವರ ಬಗ್ಗೆ ಯಾರು ಬರೆಯುತ್ತಾರೆ?

ನವಾಬರು ಕೊಟ್ಟ ತೋಟ

ಎಲ್ಲ ದುಡ್ಡೂ ಹೊರಗಿನಿಂದಲೇ ಬಂತು ಅನ್ನುವುದೂ ತಪ್ಪು. ಕ್ಲಾರಾ ಸ್ವೇನ್ ಬರೇಲಿಯಲ್ಲಿ ಚಿಕಿತ್ಸೆ ಶುರು ಮಾಡಿದಾಗ ಆಸ್ಪತ್ರೆಗೆ ಜಾಗವಿರಲಿಲ್ಲ. ಮಿಷನ್ನಿನ ಪಕ್ಕದ ಜಾಗ ರಾಂಪುರದ ನವಾಬರದ್ದು. ಕ್ರೈಸ್ತರು ಅಂದರೆ ನವಾಬರಿಗೆ ಅಷ್ಟಕ್ಕಷ್ಟೇ ಅಂತ ಪ್ರತೀತಿ. ಕೇಳಿ ನೋಡೋಣ, ಕ್ರಯಕ್ಕಾದರೂ ಸ್ವಲ್ಪ ಕೊಟ್ಟಾರು ಅಂತ 1871ರಲ್ಲಿ ರಾಂಪುರಕ್ಕೆ ಹೋದರು. ಹೆಂಗಸರ ಆಸ್ಪತ್ರೆಗೆ ಅಂದ ಮೇಲೆ ನವಾಬರು ಕ್ರಯದ ಮಾತೇ ಎತ್ತಲಿಲ್ಲ. ಮನೆ ಸಮೇತ ಸುಮಾರು 40 ಎಕರೆ ಪೂರ್ತಿ ಬಿಟ್ಟುಕೊಟ್ಟರು. 1874ರಲ್ಲಿ ಅಲ್ಲಿ ಹೆಂಗಸರ ಆಸ್ಪತ್ರೆ ತೆರೆಯಿತು. ಅಮೆರಿಕದ ಕ್ರೈಸ್ತ ಹೆಂಗಸರ ಚಿಲ್ಲರೆ, ಮುಸಲ್ಮಾನ ನವಾಬರ ಜಮೀನು, ಎಲ್ಲ ಜಾತಿಯ ರೋಗಿಗಳು.

ಕೋಲಾರದ ಆಸ್ಪತ್ರೆ ಇದೇ ಸೊಸೈಟಿಯ ಕೆಲಸದ ಮುಂದುವರಿಕೆ. ಅನಾಥ ಮಕ್ಕಳಿದ್ದ ಕಡೆ ಜ್ವರ, ಕಜ್ಜಿ, ಕಣ್ಣುಬೇನೆಗೆ ಔಷಧಿ ಬೇಕೇ ಬೇಕು. ಔಷಧಿ ಇದೆ ಅಂತ ಗೊತ್ತಾದರೆ ಸುತ್ತಲ ಹಳ್ಳಿಯವರು ಬಾರದೆ ಇರುತ್ತಾರೆಯೇ? 1910ರಲ್ಲಿ ಆಸ್ಪತ್ರೆಯೇ ಎದ್ದಿತು, ಎಲೆನ್ ನೆನಪಿಗೆ ಆಕೆಯ ಹೆಸರಿಟ್ಟರು. ಆಗಿನ ಕಾಲಕ್ಕೆ ಹೆರಿಗೆಗೆ ಆಸ್ಪತ್ರೆಗೆ ಹೋಗುವುದು ಅಂದರೆ ಮನೆಯ ಆಸೆ ಬಿಟ್ಟಂತೆ. ಸೂಲಗಿತ್ತಿ ಕೈಬಿಟ್ಟ ಮೇಲೆ ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು ಬರುವುದು. ಅಂಥ ಕೇಸುಗಳಲ್ಲಿ ಒಂದು ಉಳಿದರೆ ಹತ್ತು ಹಳ್ಳಿಗೆ ಸುದ್ದಿ ಹೋಗುತ್ತಿತ್ತು.

ಫೋಟೋದ ಬೆಲೆ

ಇಲ್ಲೊಂದು ಮುಜುಗರದ ವಿಷಯವೂ ಇದೆ. ಅದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ.

ದೂರದವರು ದುಡ್ಡು ಕೊಡಬೇಕಾದರೆ ಅವರಿಗೆ ಏನಾದರೂ ತೋರಿಸಬೇಕು. 1877ರ ಬರದಲ್ಲಿ ಹೂಪರ್ ಅನ್ನುವ ಮದರಾಸ್ ಸೈನ್ಯದ ಅಧಿಕಾರಿ ಎಲುಬಿನ ಗೂಡಾದ ಜನರನ್ನು ಸಾಲಾಗಿ ಕೂರಿಸಿ ಫೋಟೋ ತೆಗೆದ. ಆ ಚಿತ್ರ ನೋಡಿ ಕರುಳು ಕಿವುಚಿದವರಿದ್ದರು. ಫೋಟೋ ತೆಗೆದವನು ಆ ಜನಕ್ಕೆ ಅನ್ನ ಕೊಟ್ಟನೇ ಅಂತ ಕೇಳಿದವರೂ ಇದ್ದರು. 1896 ಮತ್ತು 1900ರ ಬರಗಳ ಹೊತ್ತಿಗೆ ಇದು ಪದ್ಧತಿಯೇ ಆಯಿತು. ನ್ಯೂಯಾರ್ಕಿನ ಕ್ರಿಶ್ಚಿಯನ್ ಹೆರಾಲ್ಡ್ ಪತ್ರಿಕೆ ಹಸಿದ ಮಕ್ಕಳ ಚಿತ್ರ ಅಚ್ಚು ಹಾಕಿ ಓದುಗರಿಂದ ದುಡ್ಡೆತ್ತಿತು. 1900ರ ಮೇ ತಿಂಗಳಲ್ಲಿ ಕ್ವಿಟೋ ಅನ್ನುವ ಹಡಗು ಸುಮಾರು 5,000 ಟನ್ ಮುಸುಕಿನ ಜೋಳ ಹೊತ್ತು ಅಲ್ಲಿಂದ ಬೊಂಬಾಯಿಗೆ ಹೊರಟಿತು. ಜೋಳ ಬಂದದ್ದು ಸುಳ್ಳಲ್ಲ, ತಿಂದು ಬದುಕಿದವರು ಸುಳ್ಳಲ್ಲ. ಆದರೆ ಚಿತ್ರದಲ್ಲಿದ್ದ ಮಗುವನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

ಬಾಸ್ಟನ್ನಿನ ಸೊಸೈಟಿ ತಿಂಗಳು ತಿಂಗಳು ಹೊರಡಿಸುತ್ತಿದ್ದ ಪತ್ರಿಕೆಯ ಹೆಸರೇ ಹೀದನ್ ವುಮನ್ಸ್ ಫ್ರೆಂಡ್. ಅಂದರೆ ಅಜ್ಞಾನದ, ಸುಳ್ಳು ದೇವರ ಹೆಂಗಸರ ಗೆಳತಿ ಅಂತ. 1896ರಲ್ಲಿ ಆ ಹೀದನ್ ಅನ್ನುವ ಪದ ತೆಗೆದರು. ತೆಗೆಯುವುದಕ್ಕೆ ಇಪ್ಪತ್ತೇಳು ವರ್ಷ ಹಿಡಿಯಿತು ಅನ್ನಿ. ವಾರಕ್ಕೆ ಎರಡು ಸೆಂಟು ಹಾಕಿದ ಹೆಂಗಸಿಗೆ ಕೋಲಾರದ ಹೆಂಗಸು ಹೇಗೆ ಕಂಡಿರಬೇಕು? ಕತ್ತಲಲ್ಲಿ ಅಳುತ್ತಾ ಕೂತವಳ ಹಾಗೆ. ಇಲ್ಲಿನವಳ ಕೈಕಸುಬು, ಹಾಡು, ಜಗಳ, ಬಾಯಿಜೋರು ಯಾವುದೂ ಆ ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ ಇರಲಾರದು. ಅಳುವವಳಿಗೆ ಮಾತ್ರ ದುಡ್ಡು ಬೀಳುತ್ತದೆ.

ಇನ್ನು ಮತದ ವಿಷಯ. ಮಿಷನ್ನಿಗೆ ಸೇರಿದ ಬರದ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಅನ್ನ ಕೊಟ್ಟು ಮತ ಕೊಂಡರು ಅನ್ನುವ ಮಾತು ಆಗಲೂ ಇತ್ತು, ಈಗಲೂ ಇದೆ. 1931ರಲ್ಲಿ ಗಾಂಧೀಜಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಇದನ್ನೇ ಎತ್ತಿದರು. ಆಸ್ಪತ್ರೆ, ಶಾಲೆ ಎಲ್ಲ ಸರಿ, ಆದರೆ ಅದನ್ನು ಮತಾಂತರದ ದಾರಿಯಾಗಿ ಮಾಡಿಕೊಳ್ಳುವುದು ಸರಿಯಲ್ಲ ಅನ್ನುವುದು ಅವರ ನಿಲುವು. ಎದುರು ಮಾತೂ ಇದೆ. ರಸ್ತೆ ಬದಿಯಲ್ಲಿ ಬಿದ್ದ ಮಗುವನ್ನು 1877ರಲ್ಲಿ ಎತ್ತಿಕೊಳ್ಳಲು ಊರಿನಲ್ಲಿ ಮತ್ತೆ ಯಾರು ಮುಂದೆ ಬಂದಿದ್ದರು? ಛತ್ರಗಳಿದ್ದವು, ಧರ್ಮಿಷ್ಠರೂ ಇದ್ದರು. ಬರ ಅವರನ್ನೂ ಮೀರಿತ್ತು. ಮಾಳಿಗೆ ತುಂಬ ಕಾಳಿಟ್ಟು ಧಾರಣೆ ಏರಲಿ ಅಂತ ಕಾದವರಿಗೂ ಆ ಕಾಲ ಬರವಿರಲಿಲ್ಲ.

ಕೈ ಚಾಚಿದವರೆಲ್ಲ ಬಿಳಿಯರೇ ಅಂತಲೂ ಅಲ್ಲ. ಪಂಡಿತಾ ರಮಾಬಾಯಿ ಹುಟ್ಟಿದ್ದು ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ಸಂಸ್ಕೃತದಲ್ಲಿ ಪಂಡಿತೆ. 1870ರ ದಶಕದ ಹಸಿವಿನ ಕಾಲದಲ್ಲಿ ಊರೂರು ಅಲೆಯುತ್ತಾ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳಕೊಂಡವರು. ಆನಂದಿಬಾಯಿ ಜೋಶಿ 1886ರಲ್ಲಿ ಡಾಕ್ಟರ್ ಪದವಿ ಪಡೆದಾಗ ಅದನ್ನು ನೋಡಲು ರಮಾಬಾಯಿ ಅಮೆರಿಕಕ್ಕೆ ಹೋದರು. ಕ್ಲಾರಾ ಸ್ವೇನ್ ಓದಿದ ಅದೇ ಕಾಲೇಜು. ಆಮೇಲೆ ಊರೂರು ಸುತ್ತಿ ಭಾಷಣ ಮಾಡಿ, ಪುಸ್ತಕ ಮಾರಿ, ವಿಧವೆಯರ ಶಾಲೆಗೆ ದುಡ್ಡೆತ್ತಿದರು. 1887ರಲ್ಲಿ ಅವರ ಬೆಂಬಲಕ್ಕೆ ಬಾಸ್ಟನ್ನಿನಲ್ಲೇ ಸಂಘವಾಯಿತು. 1896ರ ಬರ ಬಂದಾಗ ಮಧ್ಯಪ್ರಾಂತಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಬರದಲ್ಲಿ ಅನಾಥೆಯಾದವಳೇ ಬರದ ಅನಾಥರಿಗೆ ಕೇಳಲು ಹೊರಟದ್ದು. ಅವರಿಗೂ ಬೈಗುಳ ತಪ್ಪಲಿಲ್ಲ.

ವೆಲ್ಲೂರಿನ ಹತ್ತು ಸಾವಿರ

ಕೋಲಾರದಲ್ಲಿ ಆಗಲಿಲ್ಲ ಅಂದರೆ ವೆಲ್ಲೂರಿಗೆ ಕರಕೊಂಡು ಹೋಗಿ ಅನ್ನುವುದು ಈ ಭಾಗದ ಹಳೇ ಮಾತು. ಮುಳಬಾಗಿಲು ದಾಟಿ ಹೋಗುವ ಬಸ್ಸಿನಲ್ಲಿ ಎಕ್ಸ್‌ರೇ ಕವರು ಹಿಡಿದವರು ಇದ್ದೇ ಇರುತ್ತಾರೆ. ಆ ಆಸ್ಪತ್ರೆಯ ಹುಟ್ಟೂ ಕೇಳಿದ್ದರಿಂದಲೇ ಆದದ್ದು. ಐಡಾ ಸ್ಕಡರ್ 1899ರಲ್ಲಿ ನ್ಯೂಯಾರ್ಕಿನಲ್ಲಿ ಡಾಕ್ಟರಾಗಿ ಹೊರಡುವ ಮುಂಚೆ, ಹೆಂಗಸರ ಆಸ್ಪತ್ರೆಗೆ 8,000 ಡಾಲರ್ ಎತ್ತಿಕೊಂಡು ಬಾ ಅಂತ ಆಕೆಗೆ ಹೇಳಿದ್ದರು. ಸಿಕ್ಕಿದ್ದು ಚೂರುಪಾರು. ಒಂದು ದಿನ ಮಿಸ್ ಟೇಬರ್ ಅನ್ನುವವರ ಮನೆಗೆ ಹೋಗಿ ತನ್ನ ಕಥೆ ಹೇಳುತ್ತಿದ್ದಳು. ಆಕೆಯ ಭಾವ, ಬ್ಯಾಂಕಿನ ಶೆಲ್ ಸಾಹೇಬರು, ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದದ್ದು ಇವಳಿಗೆ ಗೊತ್ತಿಲ್ಲ. ಮಾರನೇ ದಿನ ಕರೆಸಿ, ತೀರಿಕೊಂಡ ಹೆಂಡತಿಯ ಹೆಸರಲ್ಲಿ 10,000 ಡಾಲರ್ ಕೊಟ್ಟರು. 1902ರಲ್ಲಿ 40 ಹಾಸಿಗೆಯ ಮೇರಿ ಟೇಬರ್ ಶೆಲ್ ಆಸ್ಪತ್ರೆ ತೆರೆಯಿತು.

ಮುಂದೆ 1920ರ ದಶಕದಲ್ಲಿ ರಾಕ್‌ಫೆಲರ್ ಕಡೆಯವರು ವೆಲ್ಲೂರೂ ಸೇರಿ ಏಷ್ಯಾದ ಏಳು ಹೆಂಗಸರ ಕಾಲೇಜುಗಳಿಗೆ ಹತ್ತು ಲಕ್ಷ ಡಾಲರ್ ಕೊಡುತ್ತೇವೆ, ಆದರೆ ನೀವು ಮೊದಲು ಇಪ್ಪತ್ತು ಲಕ್ಷ ಕೂಡಿಸಿ ಅಂದರು. ಹೆಂಗಸರು ಕೂಡಿಸಿದರು. ಸಾಹುಕಾರನ ದೊಡ್ಡ ಚೆಕ್ಕಿನ ಕಥೆ ಎಲ್ಲರಿಗೂ ನೆನಪಿರುತ್ತದೆ. ಅದಕ್ಕೆ ಎರಡರಷ್ಟು ಚಿಲ್ಲರೆ ಕೂಡಿಸಿದವರ ಕಥೆ ರಶೀದಿ ಪುಸ್ತಕದಲ್ಲೇ ಉಳಿಯಿತು.

2007ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಲಂಡನ್ ಮಿಷನ್ನಿನವರದ್ದು. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಅಂತಲೇ ಹೆಸರಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದ್ದು, ಅದೂ ಒಬ್ಬ ಪಾದ್ರಿಯ ಹೆಂಡತಿಯ ನೆನಪಿಗೆ. ಊರು ಬೇರೆ, ಚರ್ಚು ಬೇರೆ, ದಾರಿ ಒಂದೇ. ಡಾಕ್ಟರು ಐದಾರು ವರ್ಷ ದುಡಿಯುವುದು, ರಜೆಯಲ್ಲಿ ಊರಿಗೆ ಹೋಗುವುದು, ರಜೆ ಪೂರ್ತಿ ಚರ್ಚಿನಿಂದ ಚರ್ಚಿಗೆ ಮ್ಯಾಜಿಕ್ ಲ್ಯಾಂಟರ್ನ್ ಹಿಡಿದು ಚಿತ್ರ ತೋರಿಸಿ ಹಾಸಿಗೆಗೆ ಇಷ್ಟು, ನರ್ಸಿಗೆ ಇಷ್ಟು ಅಂತ ಕೇಳುವುದು. ಅದನ್ನೂ ರಜೆ ಅನ್ನುತ್ತಿದ್ದರು.

ಈಗ ಕೇಳುವುದು ಯಾರನ್ನ?

1929ರ ನಂತರ ಅಮೆರಿಕದಲ್ಲೇ ಕೈ ಬಿಗಿಯಾಯಿತು. ಆಮೇಲೆ ಯುದ್ಧ. ಸ್ವಾತಂತ್ರ್ಯ ಬಂದ ಮೇಲೆ ಹೊರಗಿನ ಡಾಕ್ಟರುಗಳು ಒಬ್ಬೊಬ್ಬರೇ ಕಡಿಮೆಯಾಗಿ ಇಲ್ಲಿನವರೇ ನಿಂತರು. 1981ರಲ್ಲಿ ಇಲ್ಲಿನ ಮೆಥಡಿಸ್ಟ್ ಚರ್ಚು ಅಮೆರಿಕದ ಆಡಳಿತದಿಂದ ಬೇರೆಯಾಗಿ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಆಯಿತು. ಮನೆ ನಮ್ಮದಾಯಿತು, ಮನೆಖರ್ಚೂ ನಮ್ಮದಾಯಿತು.

ಹೊರಗಿನ ದುಡ್ಡಿಗೆ ಕಾನೂನಿನ ಬೇಲಿಯೂ ಬಂತು. ವಿದೇಶಿ ದೇಣಿಗೆ ಕಾಯ್ದೆ ಮೊದಲು ಬಂದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ. 2010ರಲ್ಲಿ ಹೊಸ ಕಾಯ್ದೆ, 2020ರಲ್ಲಿ ಮತ್ತೆ ಬಿಗಿ. ಈಗ ದೇಶದ ಯಾವ ಮೂಲೆಯ ಸಂಸ್ಥೆಯೇ ಆಗಲಿ, ಹೊರದೇಶದ ದೇಣಿಗೆ ಪಡೆಯಬೇಕಾದರೆ ನೋಂದಣಿ ಇರಬೇಕು, ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ಸಿನ್ಸಿನಾಟಿಯ ಯಾವುದೋ ಅಜ್ಜಿ ಕರ್ನಾಟಕದ ಯಾವುದೋ ಆಸ್ಪತ್ರೆಗೆ ಎರಡು ಸೆಂಟು ಕಳಿಸಿದರೂ ಅದು ದೆಹಲಿ ಸುತ್ತಿ ಬರಬೇಕು. ಲೆಕ್ಕ ಇರಬೇಕು ಅನ್ನುವುದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಬೇರೆ. ಅಲ್ಲಿಂದ ಬರುವುದು ನಿಂತಾಗ ಇಲ್ಲಿಂದ ಯಾರು ಹಾಕಬೇಕು?

ಮಿಷನ್ ಆಸ್ಪತ್ರೆ ಅಂದರೆ ಫ್ರೀ ಅನ್ನುವ ಮಾತು ಜನರ ಬಾಯಿಂದ ಇನ್ನೂ ಹೋಗಿಲ್ಲ. ಚೀಟಿ ಮಾಡಿಸುವಾಗ ದುಡ್ಡು ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಪಕ್ಕದ ನರ್ಸಿಂಗ್ ಹೋಮಿನಲ್ಲಿ ಅದರ ಹತ್ತರಷ್ಟು ಕೇಳಿದರೆ ತುಟಿ ಪಿಟಕ್ಕೆನ್ನದೆ ಎಣಿಸಿ ಕೊಡುತ್ತಾರೆ. ಫ್ರೀ ಅಂದದ್ದು ಯಾವತ್ತೂ ಫ್ರೀ ಆಗಿರಲಿಲ್ಲ. ಯಾರೋ ಒಬ್ಬಳು ಓಹಾಯೋದಲ್ಲಿ ಹೊಸ ಗೌನು ಹೊಲಿಸುವುದನ್ನು ಮುಂದಕ್ಕೆ ಹಾಕಿದ್ದಳು, ಅಷ್ಟೇ.

ಕೋಲಾರದಲ್ಲಿ ಹುಂಡಿಗಳಿಗೆ ಕೊರತೆಯಿಲ್ಲ. ಗುಡಿಯಲ್ಲಿದೆ, ದರ್ಗಾದಲ್ಲಿದೆ, ಚರ್ಚಿನಲ್ಲಿದೆ, ಗಣೇಶನ ಹಬ್ಬ ಬಂದರೆ ಬೀದಿ ಬೀದಿಯಲ್ಲೂ ಇದೆ. ಅಂಗಡಿ ಮುಂದೆ ರಶೀದಿ ಪುಸ್ತಕ ಹಿಡಿದು ನಿಲ್ಲುವ ಹುಡುಗರಿಗೆ ನೂರು, ಇನ್ನೂರು ಕೊಟ್ಟು ಕಳಿಸುವುದು ವರ್ಷವಿಡೀ ಇದ್ದದ್ದೇ. ಊರಿನ ಒಂದು ಆಸ್ಪತ್ರೆಯ ಒಂದು ಹಾಸಿಗೆಗೆ, ಯಾವ ಜಾತಿಯ ಬಾಣಂತಿಯಾದರೂ ಮಲಗಲಿ ಅಂತ, ಅಂಥ ರಶೀದಿ ಪುಸ್ತಕ ಹಿಡಿದು ಈ ಪೇಟೆಯಲ್ಲಿ ಓಡಾಡುವವರು ಅಪರೂಪ.

ಬೆಳಗಿನ ಹೊತ್ತು ಇಟಿಸಿಎಂ ಹತ್ತಿರ ಇಳಿಯುವವರಲ್ಲಿ ನರ್ಸಿಂಗ್ ಓದುವ ಹುಡುಗಿಯರೂ ಇರುತ್ತಾರೆ. ಓದು ಮುಗಿದ ಮೇಲೆ ಹೊರದೇಶಕ್ಕೆ ಹೋಗುವ ಆಸೆ ಈಗ ಯಾವ ನರ್ಸಿಂಗ್ ಹುಡುಗಿಗಿಲ್ಲ? ಗಲ್ಫು, ಇಂಗ್ಲೆಂಡು, ಅಮೆರಿಕ. ಅಲ್ಲಿನ ಮುದುಕಿಯರಿಗೆ ಮಾತ್ರೆ ಕೊಟ್ಟು, ಹಾಸಿಗೆ ಸರಿಮಾಡುವವರಲ್ಲಿ ಈ ದೇಶದ ಹುಡುಗಿಯರು ಆಗಲೇ ಬಹಳ ಮಂದಿ ಇದ್ದಾರೆ. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಯಾರಾದರೂ ಓದಿದ ಕಡೆಯ ಪೂರ್ತಿ ಹೆಸರು ಬರೀ ಅಂದರೆ, ಆಗ ಬಿಡಿಸಿ ಬರೆಯಬೇಕಾಗುತ್ತದೆ: ಎಲೆನ್ ಥೋಬರ್ನ್ ಕೋವನ್.